ನೋಡಿದ ಕೂಡಲೇ ಗೊತ್ತಾಗುತ್ತದೆಯೇ, ಮೇಷ್ಟ್ರೇ?

ಪತ್ರ: ‘ಕಳೆದ ಸಂಚಿಕೆಯಲ್ಲಿ, ಜನಾಂಗ ಅನ್ನೋದು ಹುಟ್ಟಿನಿಂದ ಬರುವುದಲ್ಲ, ಸಮಾಜ ಕಟ್ಟಿದ್ದು ಎಂದು ಬರೆದಿದ್ದೀರಿ. ಒಪ್ಪಲಾರೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬಂದೆ. ಕರಿಯರು, ಬಿಳಿಯರು, ಚೀನಾದವರು ಯಾರು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಆಸ್ಪತ್ರೆಯ ಫಾರಂನಲ್ಲೂ ಅದನ್ನು ಕೇಳುತ್ತಾರೆ. ಪ್ರಕೃತಿ ಮಾಡಿದ ಭೇದವನ್ನು ಸಮಾಜದ ತಲೆಗೆ ಕಟ್ಟುವುದೇಕೆ? ಕೊನೆಯದಾಗಿ, ತಾವು ನಮ್ಮವರೇ ಇರಬೇಕು ಅನ್ನಿಸುತ್ತದೆ. ಹೌದೇ?’
– ನಿವೃತ್ತ ಶಿಕ್ಷಕರು, ಹೊಳಲ್ಕೆರೆ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಅಕ್ಷರ ಎಷ್ಟು ದುಂಡಗಿದೆ ಅಂದರೆ, ಬೈಸಿಕೊಂಡರೂ ಬೇಜಾರಾಗಲಿಲ್ಲ. ಇನ್‌ಲ್ಯಾಂಡ್ ಲೆಟರ್‌ನಲ್ಲಿ ಬರೆಯುವವರು ಇನ್ನೂ ಇದ್ದಾರಲ್ಲ ಅಂತ ಆಫೀಸಿನವರೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿದರು.

ನಿಮ್ಮ ಮಾತಿನಲ್ಲಿ ನಿಜ ಇಲ್ಲ ಅಂತಲ್ಲ. ಮೈಬಣ್ಣ, ಕೂದಲು, ಕಣ್ಣಿನ ಆಕಾರ ಅಪ್ಪ ಅಮ್ಮನಿಂದಲೇ ಬರುತ್ತವೆ. ಅಷ್ಟು ಒಪ್ಪಿದೆ. ಆದರೆ ಎಲ್ಲಿಯವರೆಗೆ ಬಿಳಿ, ಎಲ್ಲಿಂದ ಕಪ್ಪು ಅಂತ ಗೆರೆ ಎಳೆದವರು ಯಾರು? ಪ್ರಕೃತಿಯಂತೂ ಅಲ್ಲ. 1972ರಲ್ಲಿ ರಿಚರ್ಡ್ ಲೆವೊಂಟಿನ್ ಎಂಬ ವಿಜ್ಞಾನಿ ರಕ್ತದ ಗುಂಪು ಮತ್ತು ಪ್ರೊಟೀನ್‌ಗಳನ್ನು ಹಿಡಿದು ಲೆಕ್ಕ ಹಾಕಿದರು. ಮನುಷ್ಯರೊಳಗಿನ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 85 ಪಾಲು ಒಂದೊಂದು ಗುಂಪಿನ ಒಳಗೇ ಸಿಕ್ಕಿತು. ಜನಾಂಗ ಜನಾಂಗದ ನಡುವೆ ಇದ್ದದ್ದು ಆರೇಳು ಪಾಲು.

ಈಗ ನಿಮ್ಮ ಮಗಳ ಆಸ್ಪತ್ರೆಯ ಫಾರಂಗೆ ಬರೋಣ. ‘ಏಷ್ಯನ್’ ಅನ್ನೋ ಚೌಕಕ್ಕೆ ಟಿಕ್ ಹಾಕಿರಬೇಕು, ಅಲ್ವಾ? ಅದೇ ನಿಮ್ಮ ಮಗಳು 1930ರಲ್ಲಿ ಅಲ್ಲಿದ್ದಿದ್ದರೆ ಅಮೆರಿಕದ ಜನಗಣತಿಯವರು ಜನಾಂಗದ ಕಾಲಂನಲ್ಲಿ ‘ಹಿಂದೂ’ ಅಂತ ಬರೆದುಕೊಳ್ಳುತ್ತಿದ್ದರು. ಪಕ್ಕದ ಮನೆಯಲ್ಲಿ ಪಂಜಾಬಿನ ಸಿಖ್ಖರು ಇದ್ದರೆ ಅವರೂ ಹಿಂದೂ, ಮುಸಲ್ಮಾನರು ಇದ್ದರೆ ಅವರೂ ಹಿಂದೂ! 1920, 1930, 1940, ಮೂರೂ ಗಣತಿಗಳಲ್ಲಿ ಇದೇ ಕಥೆ. 1970ರ ಗಣತಿಯಲ್ಲಿ ಭಾರತದವರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು. ಅಲ್ಲಿನ ನಮ್ಮವರು ಓಡಾಡಿ, ಅರ್ಜಿ ಕೊಟ್ಟು, 1980ಕ್ಕೆ ‘ಏಷ್ಯನ್ ಇಂಡಿಯನ್’ ಅಂತ ಬೇರೆ ಚೌಕ ಮಾಡಿಸಿಕೊಂಡರು. ಐವತ್ತು ವರ್ಷದಲ್ಲಿ ಅದೇ ಜನಕ್ಕೆ ಮೂರು ಜನಾಂಗ ಸಿಕ್ಕವು. ಮೂಗು ಕಣ್ಣು ಇದ್ದ ಹಾಗೇ ಇದ್ದವು.

ಇದಕ್ಕಿಂತ ಸ್ವಾರಸ್ಯ ಅಲ್ಲಿನ ಸುಪ್ರೀಂ ಕೋರ್ಟಿನದು. ಆಗ ಹೊರಗಿನಿಂದ ಬಂದವರು ಪೌರತ್ವ ಪಡೆಯಬೇಕಾದರೆ ‘ಬಿಳಿಯ’ ಆಗಿರಬೇಕಿತ್ತು, ಇಲ್ಲವೇ ಆಫ್ರಿಕಾ ಮೂಲದವರಾಗಿರಬೇಕಿತ್ತು. ಟಕಾವೊ ಒಜಾವಾ ಅನ್ನೋ ಜಪಾನಿನವರು ಕೋರ್ಟಿಗೆ ಹೋದರು. ನನ್ನ ಚರ್ಮ ನಿಮ್ಮವರಷ್ಟೇ ಬೆಳ್ಳಗಿದೆ ಅಂದರು. 1922ರ ನವೆಂಬರಿನಲ್ಲಿ ಕೋರ್ಟು, ಚರ್ಮದ ಬಣ್ಣ ಮುಖ್ಯವಲ್ಲ, ಬಿಳಿಯ ಅಂದರೆ ವಿದ್ವಾಂಸರ ಪುಸ್ತಕದಲ್ಲಿ ‘ಕಕೇಶಿಯನ್’ ಅಂತ ವಿಂಗಡಿಸಿದ ಜನಾಂಗದವನು, ನೀನು ಅಲ್ಲ ಅಂದಿತು. ಸರಿ, ಮೂರೇ ತಿಂಗಳಲ್ಲಿ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರ ಕೇಸು ಬಂತು. ಅಮೆರಿಕದ ಸೈನ್ಯದಲ್ಲೇ ಕೆಲಸ ಮಾಡಿದ್ದವರು. ನಿಮ್ಮ ವಿದ್ವಾಂಸರ ಪುಸ್ತಕದ ಪ್ರಕಾರ ಉತ್ತರ ಭಾರತದ ನಾನು ಕಕೇಶಿಯನ್, ಪೌರತ್ವ ಕೊಡಿ ಅಂದರು. ಒಜಾವಾಗೆ ತೀರ್ಪು ಬರೆದ ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್ ಅವರೇ ಈ ತೀರ್ಪನ್ನೂ ಬರೆದರು. ವಿಜ್ಞಾನ ಏನೇ ಹೇಳಲಿ, ಸಾಮಾನ್ಯ ಜನರ ಕಣ್ಣಿಗೆ ನೀನು ಬಿಳಿಯನಲ್ಲ! ಒಬ್ಬರಿಗೆ ಕಣ್ಣು ನಂಬಬೇಡ, ಪುಸ್ತಕ ನೋಡು ಅಂದರು. ಇನ್ನೊಬ್ಬರಿಗೆ ಪುಸ್ತಕ ಬಿಡು, ಕಣ್ಣು ನೋಡು ಅಂದರು. ಅದಾದ ಮೇಲೆ, ಮೊದಲೇ ಪೌರತ್ವ ಸಿಕ್ಕಿದ್ದ ಹಲವು ಭಾರತೀಯರಿಂದ ಅದನ್ನು ಕಿತ್ತುಕೊಂಡರು. ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ. ನೋಡಿದ ಕೂಡಲೇ ಗೊತ್ತಾಗುವ ಸಂಗತಿಗೆ ಸುಪ್ರೀಂ ಕೋರ್ಟು ಇಷ್ಟು ಒದ್ದಾಡಬೇಕಿತ್ತೇ?

ನಮ್ಮಲ್ಲೂ ಕಮ್ಮಿಯೇನಿಲ್ಲ. 1901ರ ಜನಗಣತಿ ನಡೆಸಿದ ಹರ್ಬರ್ಟ್ ರಿಸ್ಲಿಗೆ ಮೂಗು ಅಳೆಯುವ ಹುಚ್ಚು. ಮೂಗು ಅಗಲ ಆದಷ್ಟೂ ಜಾತಿ ಕೆಳಗೆ ಅನ್ನೋದು ಆತನ ಸಿದ್ಧಾಂತ. ಗಣತಿಯಲ್ಲಿ ಜಾತಿಗಳನ್ನು ಮೇಲೆ ಕೆಳಗೆ ಅಂತ ಸಾಲಾಗಿ ಜೋಡಿಸಲು ಹೊರಟ. ದೇಶದ ಎಲ್ಲ ಕಡೆಯಿಂದ ನಮ್ಮನ್ನು ಮೇಲಿಡಿ ಅಂತ ಅರ್ಜಿಗಳು ಬಂದವು. ಅರ್ಜಿ ಬರೆಯೋಕೆ ಸಂಘ ಬೇಕಾಯಿತು. ಸಂಘಕ್ಕೆ ಅಧ್ಯಕ್ಷರು ಬೇಕಾದರು, ಪುರಾಣ ಬೇಕಾಯಿತು. ಪಕ್ಕದ ಜಿಲ್ಲೆಯಲ್ಲಿ ಇದ್ದಾರೆ ಅಂತಲೂ ಗೊತ್ತಿಲ್ಲದವರು ಅಣ್ಣತಮ್ಮಂದಿರಾದರು.

ಕೆಲವು ವರ್ಷದ ಹಿಂದೆ ಚಳ್ಳಕೆರೆ ಕಡೆ ಬೇಡರಲ್ಲೇ ಒಂದು ಪಂಗಡವಾದ ಮ್ಯಾಸಬೇಡರ ಹಟ್ಟಿಗೆ ಹೋಗಿದ್ದೆ. ಅಲ್ಲಿ ಒಬ್ಬ ಅಜ್ಜ. ನಿಮ್ಮದು ಯಾವ ಜನ ಅಜ್ಜಾ ಅಂದೆ. ಆತ ಬೆಡಗಿನ ಹೆಸರು ಹೇಳಿದ, ದೇವರ ಹೆಸರು ಹೇಳಿದ, ದೇವರ ಎತ್ತು ಕಾಯುವ ಕಿಲಾರಿಯ ಹೆಸರು ಹೇಳಿದ. ‘ನಾವು ಕೋಳಿ ಮುಟ್ಟಲ್ಲ. ಊರಬೇಡರು ತಿಂತಾರೆ’ ಅಂತ ಸೇರಿಸಿದ. ಕಾಲಂನಲ್ಲಿ ತುಂಬಬಹುದಾದ ಒಂದು ಪದ ಆತನ ಬಾಯಿಂದ ಬರಲಿಲ್ಲ. ಪಕ್ಕದಲ್ಲಿದ್ದ ಮೊಮ್ಮಗ, ಕಾಲೇಜು ಹುಡುಗ, ತಾಳ್ಮೆ ಕೆಟ್ಟು ‘ಎಸ್‌ಟಿ ಸಾರ್’ ಅಂದ. ಇಬ್ಬರೂ ನಿಜವನ್ನೇ ಹೇಳಿದರು. ನಾಯಕ, ಬೇಡ, ವಾಲ್ಮೀಕಿ ಅನ್ನೋ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 1991ರಲ್ಲಿ. ಆ ಪಟ್ಟಿ ಇಲ್ಲದಿದ್ದರೆ ಈ ಹುಡುಗ ಹಾಸ್ಟೆಲ್ ಸೇರುವುದು ಕಷ್ಟವಿತ್ತು. ಹಾಗಾಗಿ ಕಾಲಂ ಹರಿದು ಹಾಕಿ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ.

ಇನ್ನೊಂದು ಗೆರೆ ನಮ್ಮ ನಿಮ್ಮ ಕಣ್ಣೆದುರೇ ಎಳೆದದ್ದು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಏಳು ಹೊಸ ಜಿಲ್ಲೆ ಮಾಡಿದಾಗ ದಾವಣಗೆರೆ, ಹರಿಹರ, ಜಗಳೂರಿನವರು ಚಿತ್ರದುರ್ಗದವರಾಗಿ ಮಲಗಿ ದಾವಣಗೆರೆಯವರಾಗಿ ಎದ್ದರು. ಚನ್ನಗಿರಿ, ಹೊನ್ನಾಳಿಯವರು ಶಿವಮೊಗ್ಗ ಬಿಟ್ಟು ಬಂದರು. ಆಗ ಹುಟ್ಟಿದ ಹುಡುಗರು ಈಗ ಕ್ರಿಕೆಟ್ ಟೂರ್ನಮೆಂಟಿನಲ್ಲಿ ‘ದುರ್ಗದವರ ಬುದ್ಧಿಯೇ ಹಂಗೆ’ ಅಂತಾರೆ! ಅವರಿಗೆ ಭದ್ರಾ ಕಾಲುವೆ ಇದೆ, ನಮಗೆ ಮೇಲ್ದಂಡೆ ಯೋಜನೆಯ ಆಸೆ ಮಾತ್ರ ಅಂತ ದುರ್ಗದವರ ಹೊಟ್ಟೆಯುರಿ. ನೀರು, ಸೀಟು, ನೌಕರಿ ಗೆರೆ ನೋಡಿ ಹಂಚಿಕೆಯಾಗತೊಡಗಿದರೆ ಗೆರೆಗೆ ರಕ್ತ ಮಾಂಸ ಬರುತ್ತದೆ. ಅಷ್ಟೇ ಅಲ್ಲ, ಬೆಂಗಳೂರಿಗೆ ಹೋದರೆ ನನ್ನ ಮಾತು ಕೇಳಿ ‘ನೀವು ಉತ್ತರ ಕರ್ನಾಟಕದವರಾ?’ ಅಂತಾರೆ. ಹುಬ್ಬಳ್ಳಿಯಲ್ಲಿ ‘ನೀವು ಮೈಸೂರು ಕಡೆಯವರಲ್ರೀ’ ಅಂತಾರೆ. ನಾನು ಎರಡೂ ಕಡೆ ಬೆಣ್ಣೆದೋಸೆಯ ಊರವನು ಅಂತ ಹೇಳಿ ಪಾರಾಗುತ್ತೇನೆ.

ನನಗೆ ಈ ವಿಷಯದಲ್ಲಿ ಹಳೇ ಸಿಟ್ಟಿದೆ. ನನ್ನನ್ನು ಶಾಲೆಗೆ ಸೇರಿಸಿದಾಗ ಹೆಡ್‌ಮಾಸ್ತರು ದಾಖಲಾತಿ ಪುಸ್ತಕದಲ್ಲಿ ನಮ್ಮ ಕುಲಕಸುಬಿನ ಹೆಸರು ಬರೆದರು. ಮೂರು ವರ್ಷದ ನಂತರ ಬಂದ ಬೇರೆ ಹೆಡ್‌ಮಾಸ್ತರು ನನ್ನ ತಮ್ಮನಿಗೆ ದೊಡ್ಡ ಸಮುದಾಯದ ಹೆಸರು ಬರೆದರು. ಒಂದೇ ತಾಯಿಯ ಮಕ್ಕಳು, ಜಾತಿ ಎರಡು. ತಮ್ಮನಿಗೆ ಸರ್ಟಿಫಿಕೇಟ್ ಬೇಕಾದಾಗ ಗುಮಾಸ್ತರು ಎರಡೂ ಟಿಸಿ ಎದುರಿಗಿಟ್ಟು ‘ಇದರಲ್ಲಿ ಯಾವುದು ನಿಜ?’ ಅಂದರು. ಎಂಟು ತಿಂಗಳು ಅಲೆದೆವು. ಅವ್ವ ಮಾತ್ರ, ‘ಹೆರುವಾಗ ನಾನೇ ಇದ್ನಲ್ಲಪ್ಪ, ನನ್ನನ್ನ ಯಾರೂ ಕೇಳಲಿಲ್ಲ’ ಅಂತ ನಗುತ್ತಿದ್ದರು.

ಈಗ ಹುಡುಗರು ಬೈಕಿನ ನಂಬರ್ ಪ್ಲೇಟಿನ ಮೇಲೆ ಜಾತಿ ಬರೆಸುತ್ತಾರೆ. ಮೊಬೈಲಿನಲ್ಲಿ ಒಳಪಂಗಡಕ್ಕೊಂದು ಗುಂಪು. ಹಾಗಂತ ಬೈದು ಬರೆಯೋಣ ಅಂದರೆ ನಮ್ಮ ಪತ್ರಿಕೆಯ ಕಡೆಯ ಪುಟ ನೆನಪಾಗುತ್ತದೆ. ವಧೂವರರ ಜಾಹೀರಾತು, ಪಂಗಡದ ಹೆಸರು ಮೊದಲು, ಹುಡುಗಿಯ ಓದು ಆಮೇಲೆ. ಅದನ್ನು ನಿಲ್ಲಿಸೋಣವೇ ಅಂತ ಒಮ್ಮೆ ಕೇಳಿದೆ. ಮ್ಯಾನೇಜರು ಸುಮ್ನೆ ಪತ್ರಿಕೆ ಅಚ್ಚಾಗುವ ಕಾಗದದ ಖರ್ಚಿನ ಬಿಲ್ಲು ತಂದು ನನ್ನ ಟೇಬಲ್ ಮೇಲಿಟ್ಟು ಹೋದರು.

ನಾನು ನಿಮ್ಮವನೇ ಅಂತ ಕೇಳಿದ್ದೀರಿ. ದಾವಣಗೆರೆಗೆ ಬಂದಾಗ ಆಫೀಸಿಗೆ ಬನ್ನಿ. ನಿಮಗೆ ನೋಡಿದ ಕೂಡಲೇ ಗೊತ್ತಾಗುತ್ತದಲ್ಲ, ನೋಡಿ ನೀವೇ ಹೇಳಿ. ಮಂಡಕ್ಕಿ, ಮೆಣಸಿನಕಾಯಿ ತರಿಸಿರುತ್ತೇನೆ.