ಹಳೆಯ ಸ್ಕಾಟ್ಸ್‌ನ 'ರೋಮನಿಸ್': ರೋಮನ್ನರೋ, ಕಥೆಯೋ?

ನಮಸ್ಕಾರ. 'ರೋಮನಿಸ್ ಅಂದ್ರೆ ರೋಮನ್ನರು ತಾನೇ, ಮತ್ತೆ ಬ್ರೂಸ್ ಕಾವ್ಯದಲ್ಲಿ ಅರ್ಥ ಯಾಕೆ ಕೂಡ್ತಿಲ್ಲ?' ಅಂತ ಕೇಳಿದ್ದೀರಿ. ನೀವು ಎಡವಿದ್ದು ಸಹಜ. ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್‌ನ ಕಥೆ ಹೇಳುವ ಆ ಕಾವ್ಯದಲ್ಲಿರೋದು ಬೇರೆಯೇ ಪದ.

ಹಳೆಯ ಸ್ಕಾಟ್ಸ್‌ನಲ್ಲಿ, ಅಂದರೆ ಇಂಗ್ಲಿಷ್‌ಗೆ ಹತ್ತಿರದ ಸ್ಕಾಟ್ಲೆಂಡಿನ ಹಳೆಯ ಭಾಷೆಯಲ್ಲಿ, ಬಹುವಚನಕ್ಕೆ ಸಾಮಾನ್ಯವಾಗಿ 'ಇಸ್' ಸೇರಿಸುತ್ತಿದ್ದರು, ನಾವು 'ರು', 'ಗಳು' ಹಚ್ಚುವ ಹಾಗೆ. 'ರೋಮನ್'ಗೆ 'ಇಸ್' ಸೇರಿದರೆ ರೋಮನ್ನರು. 1533ರ ಹೊತ್ತಿಗೆ ಜಾನ್ ಬೆಲೆಂಡನ್ ಪ್ರಾಚೀನ ರೋಮಿನ ಇತಿಹಾಸಕಾರ ಲಿವಿಯ ರೋಮ್ ಚರಿತ್ರೆಯನ್ನು ಸ್ಕಾಟ್ಸ್‌ಗೆ ತಂದರಲ್ಲ, ಅಲ್ಲಿ ಬರೋದು ಇದೇ ಅರ್ಥ.

ಆದರೆ ಜಾನ್ ಬಾರ್ಬರ್ 1375ರ ಸುಮಾರಿಗೆ ಬರೆದ ಬ್ರೂಸ್ ಕಾವ್ಯದಲ್ಲಿ, ಕೇಳುವವರನ್ನು ಕರೆದು 'ರೋಮನಿಸ್ ಈಗ ಶುರುವಾಗುತ್ತೆ' ಅನ್ನುತ್ತಾರೆ. ರೋಮನ್ನರು ಶುರುವಾಗೋದು ಹೇಗೆ, ಅಲ್ವಾ? ಇಲ್ಲಿ ಅದು ಏಕವಚನ. ವೀರರ ಕಥೆ, ಈಗಿನ 'ರೊಮಾನ್ಸ್'. ಕೊನೆಯ 'ಇಸ್' ಪ್ರತ್ಯಯವಲ್ಲ, ಹಳೆಯ ಫ್ರೆಂಚ್‌ನಿಂದ ಬಂದ ಪದದ್ದೇ ತುಂಡು. ಪ್ರೇಮಕಥೆ ಅಂತ ಮಾತ್ರ ಓದಬೇಡಿ, ಅಲ್ಲಿರೋದು ಜಾಸ್ತಿ ಕತ್ತಿವರಸೆ!

ತಮಾಷೆ ಅಂದರೆ ಎರಡರ ಬೇರೂ ರೋಮ್‌ನಲ್ಲೇ ಇದೆ. ಪಂಡಿತರ ಲ್ಯಾಟಿನ್ ಬಿಟ್ಟು ಜನ ಆಡುತ್ತಿದ್ದ ಮಾತಿಗೆ 'ರೋಮನ್ ರೀತಿಯದು' ಅನ್ನುತ್ತಿದ್ದರು. ಫ್ರಾನ್ಸಿನಲ್ಲಿ ಆ ಮಾತಿನಲ್ಲಿ ಬರೆದ ಕಥೆಗೂ ಅದೇ ಹೆಸರು ಅಂಟಿತು.

1560ರಲ್ಲಿ ಸ್ಕಾಟ್ಲೆಂಡ್ ಪೋಪ್‌ರ ಅಧಿಕಾರ ತೊರೆದ ಮತಸುಧಾರಣೆ ಆದಮೇಲೆ 'ರೋಮನ್' ಬೈಗುಳವೂ ಆಯಿತು. ಅಲ್ಲಿನ ಪ್ರಾಟೆಸ್ಟಂಟರ 1581ರ ಪ್ರತಿಜ್ಞಾಪತ್ರ ಪೋಪ್‌ರನ್ನು 'ರೋಮನ್ ಕ್ರಿಸ್ತವಿರೋಧಿ' ಅಂತಲೇ ಕರೆಯುತ್ತದೆ. ಹಾಗಾಗಿ ಪದ ಸಿಕ್ಕಾಗ ಮೊದಲು ಇಸವಿ ನೋಡಿ, ಆಮೇಲೆ ವಾಕ್ಯದಲ್ಲಿ ಜನ ಹೊಂದುತ್ತಾರೋ, ಕಥೆ ಹೊಂದುತ್ತದೋ ಅಂತ ನೋಡಿ.