ಡ್ರಿಲ್ ಚೆನ್ನಾಗಿ ಮಾಡುವ ಮಕ್ಕಳು ಫುಟ್‌ಬಾಲ್ ಮ್ಯಾಚಿನಲ್ಲಿ ಯಾಕೆ ಗುಂಪುಗೂಡುತ್ತಾರೆ?

ಪ್ರಶ್ನೆ: ನಾನು ಹೈಸ್ಕೂಲಿನ ಪಿಟಿ ಮೇಷ್ಟ್ರು. 8ನೇ ಕ್ಲಾಸಿನ 16 ಮಕ್ಕಳು, 6 ಚೆಂಡು, ಮಣ್ಣಿನ ಮೈದಾನ, ವಾರಕ್ಕೆ 3 ದಿನ ಒಂದೊಂದು ಗಂಟೆ. ಯೂಟ್ಯೂಬ್ ನೋಡಿ ಕೋನ್ ಡ್ರಿಲ್ ಮಾಡಿಸುತ್ತೇನೆ, ಚೆನ್ನಾಗೇ ಮಾಡುತ್ತಾರೆ. ಮ್ಯಾಚ್ ಶುರುವಾದ ತಕ್ಷಣ ಎಲ್ಲ ಮರೆತು ಚೆಂಡಿನ ಹಿಂದೆ ಓಡುತ್ತಾರೆ. ಬಾಲ್ ಕಂಟ್ರೋಲ್, ಅಟ್ಯಾಕ್, ಡಿಫೆನ್ಸ್ ಮೂರನ್ನೂ ಹೇಗೆ ಕಲಿಸಲಿ?

ಮೇಷ್ಟ್ರೇ, ನಿಮ್ಮ ಮಕ್ಕಳು ಏನನ್ನೂ ಮರೆತಿಲ್ಲ. ಕೋನ್ ಸುತ್ತ ಓಡುವುದನ್ನು ಕಲಿಸಿದಿರಿ, ಕಲಿತರು. ಮ್ಯಾಚಿನಲ್ಲಿ ಕೋನ್ ಇರುವ ಜಾಗದಲ್ಲಿ ಕಾಲು ಚಾಚುವ ಹುಡುಗನೊಬ್ಬ ನಿಂತಿರುತ್ತಾನೆ. ಎದುರಾಳಿಯೇ ಇಲ್ಲದ ಅಭ್ಯಾಸದಲ್ಲಿ ತಲೆ ಎತ್ತಿ ನೋಡುವ ಗರಜೇ ಬೀಳುವುದಿಲ್ಲ. ಸಾಲದ್ದಕ್ಕೆ 16 ಜನರನ್ನು ಎರಡು ಸಾಲಿನಲ್ಲಿ ನಿಲ್ಲಿಸಿದರೆ ಒಬ್ಬನಿಗೆ ಚೆಂಡು ಸಿಗುವುದು 8 ಸರದಿಗೊಮ್ಮೆ, ಉಳಿದ ಹೊತ್ತು ಹಿಂದಿನವನ ಜೊತೆ ಹರಟೆ.

ನಾನಾದರೆ ನಾಲ್ಕೇ ಆಟ ಇಟ್ಟುಕೊಂಡು ವರ್ಷವಿಡೀ ಅವನ್ನೇ ಆಡಿಸುತ್ತೇನೆ. ಎಲ್ಲದರಲ್ಲೂ ಎದುರಾಳಿ ಇರಲೇಬೇಕು. ದಿನದಿನಕ್ಕೆ ಬದಲಾಗಬೇಕಾದದ್ದು ಜಾಗದ ಅಳತೆ.

ಮೊದಲು ಚೆಂಡು ನೋಡಿ. 12 ವರ್ಷದವರೆಗೆ 4ನೇ ಸೈಜ್, 13 ದಾಟಿದವರಿಗೆ 5. ನಿಯಮದ ಪ್ರಕಾರ ಚೆಂಡಿನ ಗಾಳಿಯ ಒತ್ತಡ 0.6ರಿಂದ 1.1 ಅಟ್ಮಾಸ್ಫಿಯರ್. ಗಟ್ಟಿ ಮಣ್ಣಿನ ಮೇಲೆ 0.6ರ ಹತ್ತಿರವೇ ಇರಲಿ. ಎರಡೂ ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು. ಕಲ್ಲಿನಂತೆ ಗಾಳಿ ತುಂಬಿದ ಚೆಂಡು ಪುಟಿಯುತ್ತಲೇ ಇರುತ್ತದೆ, ಬೈಗುಳ ಮಾತ್ರ ಮಕ್ಕಳಿಗೆ. ಗೆರೆ ಹಾಕಲು ಸುಟ್ಟ ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ. ರಂಗೋಲಿ ಪುಡಿ ಸಾಕು. ಕೋನ್ ಕಡಿಮೆ ಬಿದ್ದರೆ ಚಪ್ಪಲಿ ಇಡಿ, ಇಟ್ಟಿಗೆ ಮಾತ್ರ ಇಡಬೇಡಿ.

ಬಾಲ್ ಕಂಟ್ರೋಲ್‌ಗೆ ಮೂವರ ವಿರುದ್ಧ ಒಬ್ಬನ ರೊಂಡೊ, ಅಂದರೆ ನಡುವೆ ನಿಂತವನಿಗೆ ಸಿಗದಂತೆ ಸುತ್ತಲಿನವರು ಪಾಸ್ ಮಾಡುವ ಆಟ. ಪ್ರತಿ ಬದಿಯೂ 8 ಮೀಟರ್ ಇರುವ ನಾಲ್ಕು ಚೌಕ, ಪ್ರತಿ ಚೌಕಕ್ಕೆ 4 ಮಕ್ಕಳು, ಒಂದು ಚೆಂಡು. ಎರಡು ಚೆಂಡು ಬದಿಯಲ್ಲಿರಲಿ, ದೂರ ಹೋದದ್ದನ್ನು ತರುವಷ್ಟರಲ್ಲಿ ಆಟ ನಿಲ್ಲಬಾರದು. ಮೂವರು ಮೂರು ಮೂಲೆಯಲ್ಲಿ, ಒಬ್ಬ ನಡುವೆ. ಚೆಂಡು ಇರುವವನ ಎಡಕ್ಕೊಬ್ಬ ಬಲಕ್ಕೊಬ್ಬ ಇರಲೇಬೇಕು ಎಂಬುದೊಂದೇ ನಿಯಮ. ಮೂಲೆಗಳಿಗೆ ಸುತ್ತಲೂ 1, 2, 3, 4 ಎಂದು ನಂಬರ್ ಕೊಡಿ. 4 ಖಾಲಿ ಇದೆ, ಚೆಂಡು 2ರಲ್ಲಿದೆ, 1 ಮತ್ತು 3ರಲ್ಲಿ ಜನ ಇದ್ದಾರೆ: ಎಲ್ಲ ಸರಿ. 2ರಿಂದ 3ಕ್ಕೆ ಪಾಸ್ ಹೋಯಿತು. ಈಗ 3ರ ಪಕ್ಕದ ಮೂಲೆಗಳು 2 ಮತ್ತು 4. ಹಾಗಾಗಿ 1ರಲ್ಲಿದ್ದವನು 4ಕ್ಕೆ ಓಡಬೇಕು, ಅದೂ ಚೆಂಡು ಇನ್ನೂ ಉರುಳುತ್ತಿರುವಾಗಲೇ. ಮ್ಯಾಚಿನಲ್ಲಿ ಗುಂಪು ಒಡೆಯುವ ಮದ್ದು ಈ ಓಟದಲ್ಲಿದೆ. ಚೆಂಡು ತನ್ನ ಬಳಿ ಇಲ್ಲದಾಗಲೂ ತನಗೆ ಕೆಲಸ ಇದೆ ಎಂದು ಹುಡುಗನಿಗೆ ಮೊದಲ ಸಲ ತಿಳಿಯುವುದು ಇಲ್ಲೇ.

ನಾಲ್ಕು ಪಾಸ್ ದಾಟುವಷ್ಟರಲ್ಲೇ ನಡುವಿನವನು ಕಸಿಯುತ್ತಿದ್ದರೆ ಚೌಕವನ್ನು 10 ಮೀಟರಿಗೆ ಹಿಗ್ಗಿಸಿ. 15 ಪಾಸ್ ಸಲೀಸಾಗಿ ಹೋಗುತ್ತಿದ್ದರೆ 7ಕ್ಕೆ ಇಳಿಸಿ. ಅದೂ ಸುಲಭವಾದ ಮೇಲೆ 10 ಮೀಟರ್ ಚೌಕದಲ್ಲಿ ನಾಲ್ವರ ವಿರುದ್ಧ ಇಬ್ಬರು. 1988ರಿಂದ 1996ರವರೆಗೆ ಯೋಹಾನ್ ಕ್ರೈಫ್ ಕೋಚ್ ಆಗಿದ್ದ ಬಾರ್ಸಿಲೋನಾದಲ್ಲಿ ರೊಂಡೊ ಅಭ್ಯಾಸದ ಬೆನ್ನೆಲುಬೇ ಆಗಿತ್ತು. ಆದರೆ ವಿಡಿಯೋಗಳಲ್ಲಿ ಕಾಣುವ, ಎಂಟು ಜನ ಸುತ್ತ ನಿಂತು ನಗುತ್ತಾ ಆಡುವ ರೊಂಡೊ ದೊಡ್ಡ ಆಟಗಾರರ ವಾರ್ಮ್‌ಅಪ್. ಕಲಿಯುವ ಮಕ್ಕಳಿಗೆ ಅದರಲ್ಲಿ ಚೆಂಡು ಮುಟ್ಟುವ ಅವಕಾಶ ತೀರಾ ಕಡಿಮೆ.

ಚೆಂಡು ಹಿಡಿಯುವ ಕಾಲನ್ನು ಹತ್ತಿರದಿಂದ ಗಮನಿಸಿ. 5ನೇ ಸೈಜಿನ ಚೆಂಡು ಸುಮಾರು 22 ಸೆಂಟಿಮೀಟರ್ ಎತ್ತರ, ಅದರ ನಡುಮಧ್ಯ ನೆಲದಿಂದ 11 ಸೆಂಟಿಮೀಟರ್. ಪಾದದ ಒಳಬದಿ ತಗಲಬೇಕಾದ್ದು ಆ ಎತ್ತರಕ್ಕೆ. ಪಾದ ನೆಲಕ್ಕೇ ಅಂಟಿದ್ದರೆ ಚೆಂಡು ಅದರ ಮೇಲೆ ಹತ್ತಿ ಪುಟಿಯುತ್ತದೆ, ತೀರಾ ಎತ್ತಿದರೆ ಅಡಿಯಲ್ಲಿ ನುಸುಳಿ ಹೋಗುತ್ತದೆ. ಬೆರಳು ಮೇಲಕ್ಕೆ, ಕಣಕಾಲು ಬಿಗಿ, ನಿಂತ ಕಾಲಿನ ಮೊಣಕಾಲು ಸ್ವಲ್ಪ ಬಾಗಿರಲಿ. ಪಾಸ್ ಬರುವ ಕಡೆಯಿಂದ ದೂರ ಇರುವ ಕಾಲಿನಲ್ಲೇ ಹಿಡಿಯಲಿ. ಆಗ ಮೈ ಅರ್ಧ ತೆರೆದಿರುತ್ತದೆ, ಮುಂದಿನ ಪಾಸ್ ಎತ್ತ ಎಂಬುದೂ ಕಾಣುತ್ತದೆ. ಮೊದಲ ಟಚ್‌ಗೆ ಚೆಂಡು ಕಾಲಡಿ ಸತ್ತು ಬೀಳಬಾರದು, ಡಿಫೆಂಡರ್ ಇಲ್ಲದ ಕಡೆಗೆ ಒಂದು ಹೆಜ್ಜೆಯಷ್ಟು ಸರಿಯಬೇಕು. ಮಣ್ಣಿನ ಮೈದಾನದ ಮಕ್ಕಳು ಪುಟಿತಕ್ಕೆ ಹೆದರಿ ಅಂಗಾಲಿನಿಂದ ಒತ್ತಿ ನಿಲ್ಲಿಸುತ್ತಾರೆ. ನಿಂತ ಚೆಂಡನ್ನು ಹೊರಡಿಸಲು ಇನ್ನೊಂದು ಟಚ್ ಬೇಕು, ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ.

ಡಿಫೆನ್ಸ್‌ಗೆ ಒಬ್ಬನ ವಿರುದ್ಧ ಒಬ್ಬ. 12 ಮೀಟರ್ ಉದ್ದ, 7 ಮೀಟರ್ ಅಗಲದ ನಾಲ್ಕು ಪಟ್ಟಿ, ಪ್ರತಿ ಪಟ್ಟಿಗೆ ನಾಲ್ವರು. ಡಿಫೆಂಡರ್ ಒಂದು ತುದಿಯಿಂದ ಪಾಸ್ ಕೊಟ್ಟು ಎದುರಿನವನ ಮೇಲೆ ಓಡುತ್ತಾನೆ. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಡಿಫೆಂಡರ್‌ನ ಹಿಂದಿನ ಗೆರೆ ದಾಟಿದರೆ ಅಟ್ಯಾಕರ್‌ಗೆ ಒಂದು ಅಂಕ. ಒಂದು ಸುತ್ತು 6ರಿಂದ 8 ಸೆಕೆಂಡ್, ಆಮೇಲೆ ಅರ್ಧ ನಿಮಿಷ ಬಿಡುವು. ಪೂರ್ತಿ ದಮ್ಮು ಹಾಕಿ ಆಡುವ ಆಟ ಇದು, ಬಿಡುವಿಲ್ಲದಿದ್ದರೆ ಐದನೇ ಸುತ್ತಿಗೆ ಎಲ್ಲರೂ ನಡೆಯತೊಡಗುತ್ತಾರೆ.

ಇಲ್ಲಿ ಕಲಿಸಬೇಕಾದ ಮೊದಲ ವಿಷಯ ಬ್ರೇಕ್. ಮೊದಲರ್ಧ ಜೋರಾಗಿ ಓಡಿ, ಅಟ್ಯಾಕರ್‌ಗೆ ಸುಮಾರು 3 ಮೀಟರ್ ಇರುವಾಗ ಸಣ್ಣ ಸಣ್ಣ ಹೆಜ್ಜೆಗೆ ಇಳಿದು, ಒಂದೂವರೆ ಮೀಟರ್ ಅಂತರದಲ್ಲಿ ನಿಲ್ಲಬೇಕು. ಬಂದ ವೇಗದಲ್ಲೇ ನುಗ್ಗಿದವನನ್ನು ಒಂದೇ ಒಂದು ಟಚ್‌ನಲ್ಲಿ ದಾಟಬಹುದು. ನಿಂತಾಗ ಒಂದು ಕಾಲು ಮುಂದೆ, ಒಂದು ಹಿಂದೆ, ಮೈ ಓರೆ, ಮೊಣಕಾಲು ಬಾಗಿ, ಭಾರ ಪಾದದ ಮುಂಭಾಗದ ಮೇಲೆ. ಎರಡೂ ಕಾಲು ಸಮನಾಗಿಟ್ಟು ಕಂಬದಂತೆ ನಿಂತರೆ ಕಾಲ ಸಂದಿಯಲ್ಲೇ ಚೆಂಡು ಹೋಗುತ್ತದೆ. ಕಣ್ಣು ಚೆಂಡಿನ ಮೇಲೆ ಇರಲಿ. ಭುಜ, ಸೊಂಟ ಎಲ್ಲ ಸುಳ್ಳು ಹೇಳುತ್ತವೆ. ಯಾವ ಕಾಲು ಮುಂದಿದೆಯೋ ಅದಕ್ಕೆ ತಕ್ಕಂತೆ ಅಟ್ಯಾಕರ್‌ಗೆ ಒಂದು ದಾರಿ ಮುಚ್ಚಿ ಇನ್ನೊಂದು ತೆರೆಯುತ್ತದೆ. ಪಕ್ಕದ ಗೆರೆಯ ಕಡೆಯ ದಾರಿಯನ್ನೇ ತೆರೆದು, ನಡುವಿನದನ್ನು ಮುಚ್ಚಲಿ.

ಕಸಿಯುವುದು ಯಾವಾಗ? ಅಟ್ಯಾಕರ್‌ನ ಕಾಲಿನಿಂದ ಚೆಂಡು ಜಾಸ್ತಿ ದೂರ ಉರುಳಿದ ಆ ಕ್ಷಣದಲ್ಲಿ. ಅಲ್ಲಿಯವರೆಗೆ ಹಿಂದೆ ಸರಿಯುತ್ತಾ ಕಾಯಲಿ. ಪಟ್ಟಿಯಲ್ಲಿ ಯಾವಾಗಲೂ ಅಟ್ಯಾಕರ್ ಗೆಲ್ಲುತ್ತಿದ್ದರೆ ಅಗಲ 5 ಮೀಟರ್ ಮಾಡಿ, ಡಿಫೆಂಡರ್ ಗೆಲ್ಲುತ್ತಿದ್ದರೆ 9. ಗಟ್ಟಿ ನೆಲದಲ್ಲಿ ಜಾರಿ ಟ್ಯಾಕಲ್ ಮಾಡುವುದನ್ನು ಪೂರ್ತಿ ನಿಷೇಧಿಸಿ.

ಇದು ಕೈಗೂಡಿದ ಮೇಲೆ 15 ಮೀಟರ್ ಅಗಲದಲ್ಲಿ ಇಬ್ಬರ ವಿರುದ್ಧ ಇಬ್ಬರು. ಚೆಂಡಿಗೆ ಹತ್ತಿರದವನು ಎದುರಿಸುತ್ತಾನೆ. ಇನ್ನೊಬ್ಬ ಅವನ ಹಿಂದೆ ಓರೆಯಾಗಿ 4 ಮೀಟರ್ ದೂರದಲ್ಲಿದ್ದು ‘ಎಡಕ್ಕೆ ತಳ್ಳು’, ‘ನಿಲ್ಲು’ ಎಂದು ಕೂಗುತ್ತಾನೆ. ಇಬ್ಬರೂ ಒಂದೇ ಗೆರೆಯಲ್ಲಿ ನಿಂತರೆ ಒಂದೇ ಪಾಸ್‌ಗೆ ಇಬ್ಬರೂ ಆಟದಿಂದ ಹೊರಗೆ.

ಅಟ್ಯಾಕ್‌ಗೆ ಇಬ್ಬರ ವಿರುದ್ಧ ಒಬ್ಬ, ಹಿಂದೆ ಗೋಲ್ ಮತ್ತು ಕೀಪರ್. ಎರಡು ಗೋಲ್‌ಗಳಲ್ಲೂ ಏಕಕಾಲಕ್ಕೆ ನಡೆಸಿ. ಚೆಂಡು ಇರುವವನು ನೇರವಾಗಿ ಡಿಫೆಂಡರ್‌ನ ಮೇಲೇ ಹೋಗಬೇಕು. ಅವನು ಇವನತ್ತ ಹೆಜ್ಜೆ ಹಾಕಿದ ಮೇಲೇ ಪಾಸ್, ಅಂತರ ಸುಮಾರು 2 ಮೀಟರ್ ಇರುವಾಗ. 6 ಮೀಟರ್ ದೂರದಿಂದಲೇ ಪಾಸ್ ಕೊಟ್ಟರೆ ಡಿಫೆಂಡರ್ ಆರಾಮಾಗಿ ಆ ಕಡೆ ಸರಿಯುತ್ತಾನೆ, ಇಬ್ಬರಿದ್ದ ಲಾಭ ಅಲ್ಲಿಗೆ ಮುಗಿಯಿತು. ಇನ್ನೊಬ್ಬ 5–6 ಮೀಟರ್ ಪಕ್ಕದಲ್ಲಿ, ಚೆಂಡಿಗಿಂತ ತುಸು ಹಿಂದೆ ಓಡಲಿ. ಪಾಸ್ ಕೊಡುವ ಕ್ಷಣದಲ್ಲಿ ಚೆಂಡಿಗಿಂತ ಮುಂದಿಲ್ಲದವನಿಗೆ ಆಫ್‌ಸೈಡ್ (ಗೋಲಿನ ಹತ್ತಿರ ಎದುರಾಳಿಗಳನ್ನು ಮೀರಿ ನಿಂತು ಪಾಸ್ ಪಡೆಯುವ ತಪ್ಪು) ಆಗುವುದೇ ಇಲ್ಲ. ಆಫ್‌ಸೈಡ್ ನಿಯಮವನ್ನು ಮಕ್ಕಳ ತಲೆಗೆ ಹತ್ತಿಸಲು ಇದಕ್ಕಿಂತ ಸರಳ ದಾರಿ ನನಗೆ ಕಂಡಿಲ್ಲ. ಶಾಟ್ ನೆಲಮಟ್ಟದಲ್ಲಿ, ದೂರದ ಕಂಬದ ಕಡೆಗೆ. ಕೀಪರ್ ತಡೆದರೂ ಚೆಂಡು ಹೆಚ್ಚಾಗಿ ಜೊತೆಗಾರನ ಮುಂದೆ ಬೀಳುತ್ತದೆ. ಶುರುವಾದ 6 ಸೆಕೆಂಡಿನೊಳಗೆ ಶಾಟ್ ಹೊಡೆಯದಿದ್ದರೆ ಡಿಫೆಂಡರ್ ಗೆದ್ದಂತೆ. ಈ ಗಡುವು ಇಲ್ಲದಿದ್ದರೆ ಇಬ್ಬರೂ ಪಾಸ್ ಆಟ ಆಡುತ್ತಾ ಗೋಲನ್ನೇ ಮರೆಯುತ್ತಾರೆ.

ಕೊನೆಯ 20 ನಿಮಿಷ ಮ್ಯಾಚ್, ಆದರೆ ಎಂಟರ ವಿರುದ್ಧ ಎಂಟು ಬೇಡ. 30 ಮೀಟರ್ ಉದ್ದ, 20 ಮೀಟರ್ ಅಗಲದ ಎರಡು ಅಂಗಳದಲ್ಲಿ ನಾಲ್ವರ ವಿರುದ್ಧ ನಾಲ್ವರು. ಪ್ರತಿ ತಂಡಕ್ಕೂ ಎದುರು ಗೆರೆಯ ಎರಡು ಮೂಲೆಯಲ್ಲಿ ಎರಡೆರಡು ಮೀಟರಿನ ಎರಡು ಗೋಲ್, ಕೀಪರ್ ಇಲ್ಲ. ಒಂದು ಗೋಲಿನ ಮುಂದೆ ಎಲ್ಲರೂ ಮುತ್ತಿಕೊಂಡರೆ ಇನ್ನೊಂದು ಬರಿದೇ ಬಿದ್ದಿರುತ್ತದೆ. ಎರಡು ವಾರದಲ್ಲಿ ಯಾರಾದರೂ ಒಬ್ಬ ಅದನ್ನು ಕಂಡುಕೊಂಡು ಅಲ್ಲಿ ಹೋಗಿ ನಿಲ್ಲುತ್ತಾನೆ. ‘ಸ್ಪ್ರೆಡ್ ಆಗ್ರೋ’ ಎಂದು ನೀವು ಗಂಟಲು ಹರಿದುಕೊಳ್ಳುವ ಅಗತ್ಯ ಬೀಳುವುದಿಲ್ಲ. ಈ ಆಟದಲ್ಲಿ ಎರಡೇ ಟಚ್ ಎಂಬ ನಿಯಮ ಹಾಕಬೇಡಿ, ಡ್ರಿಬಲ್ ಮಾಡುವ ಧೈರ್ಯ ಸಾಯುತ್ತದೆ. ಆಟ ನಿಲ್ಲಿಸಿ ತಿದ್ದುವುದಿದ್ದರೆ ಇಡೀ ಅವಧಿಯಲ್ಲಿ ಎರಡೇ ಸಲ, ತಲಾ 20 ಸೆಕೆಂಡ್.

ಉಳಿದ ಸಮಯದ ಲೆಕ್ಕ ಹೀಗೆ: ಚೆಂಡಿನೊಂದಿಗೆ ವಾರ್ಮ್‌ಅಪ್ 10 ನಿಮಿಷ, ರೊಂಡೊ 15. ಇನ್ನುಳಿದ 15ರಲ್ಲಿ ಒಂದು ದಿನ ಡಿಫೆನ್ಸ್, ಮರುಸಲ ಅಟ್ಯಾಕ್. ಎರಡನ್ನೂ ಒಂದೇ ದಿನ ತುರುಕಿದರೆ ಗೆರೆ ಹಾಕುವುದರಲ್ಲೇ ಗಂಟೆ ಕಳೆಯುತ್ತದೆ. ಆಟದ ಅವಧಿಗೆ ಮೊದಲೇ 8 ಮೀಟರ್ ಚೌಕಗಳನ್ನೂ 30–20ರ ಅಂಗಳಗಳನ್ನೂ ಗುರುತು ಮಾಡಿಟ್ಟುಕೊಳ್ಳಿ.

ಹೆಡ್ಡಿಂಗ್ ಈ ವರ್ಷ ಬಿಟ್ಟುಬಿಡಿ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2020ರಲ್ಲಿ ಪ್ರೈಮರಿ ವಯಸ್ಸಿನ ಮಕ್ಕಳ ಅಭ್ಯಾಸದಿಂದ ಅದನ್ನು ತೆಗೆದುಹಾಕಿತು, ನಿಮ್ಮ ಮಕ್ಕಳು ಅವರಿಗಿಂತ ತುಸುವೇ ದೊಡ್ಡವರು.

ಜೂನ್‌ನಲ್ಲಿ ಮಳೆ ಹಿಡಿದು ಮೈದಾನ ಕೆಸರಾದಾಗ ರೊಂಡೊ ನಡೆಯುವುದಿಲ್ಲ, ಪಾಸ್ ಅರ್ಧದಲ್ಲೇ ನಿಲ್ಲುತ್ತದೆ. ಆ ದಿನಗಳಲ್ಲಿ ರೊಂಡೊದ 15 ನಿಮಿಷವನ್ನೂ ಒಬ್ಬನ ವಿರುದ್ಧ ಒಬ್ಬನ ಆಟಕ್ಕೇ ಕೊಡಿ. ಆದರೆ ಬ್ರೇಕ್ ಹಾಕುವಾಗ ಜಾರುತ್ತದೆ, ಆದ್ದರಿಂದ ಡಿಫೆಂಡರ್ 3 ಮೀಟರಿನ ಬದಲು 5 ಮೀಟರ್ ಇರುವಾಗಲೇ ಹೆಜ್ಜೆ ಸಣ್ಣದು ಮಾಡಲಿ.