ಪರದೆಯ ಮೇಲೆ ಸರಿದುಹೋದ ಸೂಚನೆ ಎಲ್ಲಿ ಸಿಗುತ್ತದೆ?

ಪ್ರಶ್ನೆ: ಮಾನ್ಯರೇ, ನಾನು ಮಲೆನಾಡಿನ ಒಂದು ಪದವಿ ಕಾಲೇಜಿನ ಗ್ರಂಥಪಾಲಕ. ನಮ್ಮ ಪುಸ್ತಕಗಳ ಪಟ್ಟಿಯು ಹಳೆಯ ವಿದ್ಯಾರ್ಥಿಯೊಬ್ಬರು ಬರೆದುಕೊಟ್ಟ ತಂತ್ರಾಂಶದಲ್ಲಿದೆ. ಅದು ಡೆಬಿಯನ್ ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೇಲೆ ನಡೆಯುತ್ತದೆ. ಕಳೆದ ರಜೆಯಲ್ಲಿ ಡೆಬಿಯನ್ 12ರಿಂದ 13ಕ್ಕೆ ಅಪ್‌ಗ್ರೇಡ್ ಮಾಡಿದೆ. ಒಂದು ಗಂಟೆಯ ಕಾಲ ಪರದೆಯ ಮೇಲೆ ಸಾಲುಗಳು ಓಡಿದವು. ನಡುವೆ ಪೋಸ್ಟ್‌ಗ್ರೆಸ್ ಬಗ್ಗೆ ಏನನ್ನೋ ಹೇಳುವ ನೀಲಿ ಪರದೆಯೊಂದು ಬಂದಾಗ ಓದದೆ ‘ಓಕೆ’ ಒತ್ತಿದೆ. ಎಲ್ಲ ಮುಗಿದ ಮೇಲೆ ಪಟ್ಟಿಯು ಎಂದಿನಂತೆ ತೆರೆದುಕೊಂಡಿತು. ಆದರೂ ಓದದೆ ಬಿಟ್ಟ ಸೂಚನೆಗಳು ಮನಸ್ಸನ್ನು ಕೊರೆಯುತ್ತಿವೆ. ಅವನ್ನು ಈಗ ಎಲ್ಲಿ ಹುಡುಕಬೇಕು? ಮುಂದಿನ ಸಲ ಅವುಗಳ ಲೆಕ್ಕ ಇಡುವುದು ಹೇಗೆ?

ಉತ್ತರ: ‘ಪಟ್ಟಿಯು ಎಂದಿನಂತೆ ತೆರೆದುಕೊಂಡಿತು’ ಎಂಬ ನಿಮ್ಮ ಮಾತೇ ನನ್ನನ್ನು ತಡೆದು ನಿಲ್ಲಿಸಿತು, ಏಕೆಂದರೆ ನೀವು ಓದದೆ ಬಿಟ್ಟ ಸೂಚನೆಯನ್ನು ಪಾಲಿಸದಿದ್ದರೂ ಪಟ್ಟಿ ಎಂದಿನಂತೆಯೇ ತೆರೆದುಕೊಳ್ಳುತ್ತದೆ. ಡೆಬಿಯನ್ 12ರಲ್ಲಿದ್ದದ್ದು ಪೋಸ್ಟ್‌ಗ್ರೆಸ್‌ನ 15ನೆಯ ಆವೃತ್ತಿ. 2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13ರಲ್ಲಿರುವುದು 17ನೆಯದು. ಅಪ್‌ಗ್ರೇಡ್ ಮಾಡಿದಾಗ ಸಾಮಾನ್ಯವಾಗಿ 17 ಬಂದು ಕುಳಿತುಕೊಳ್ಳುತ್ತದೆ, ಆದರೆ 15 ಎದ್ದುಹೋಗುವುದಿಲ್ಲ. ನಿಮ್ಮ ದತ್ತಾಂಶವನ್ನು ನಿಮ್ಮ ಒಪ್ಪಿಗೆಯಿಲ್ಲದೆ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಸಾಗಿಸುವ ಹೊಣೆಯನ್ನು ಪ್ಯಾಕೇಜು (ಇನ್‌ಸ್ಟಾಲ್ ಮಾಡಲು ಕಟ್ಟಿಟ್ಟ ತಂತ್ರಾಂಶದ ಗಂಟು) ಹೊರುವುದಿಲ್ಲ, ಹೊರಲೂಬಾರದು. ಹೀಗಾಗಿ ಹಳೆಯದು 5432ನೆಯ ಪೋರ್ಟಿನಲ್ಲಿ (ತಂತ್ರಾಂಶಗಳು ಡೇಟಾಬೇಸನ್ನು ಸಂಪರ್ಕಿಸುವ, ಸಂಖ್ಯೆಯಿಂದ ಗುರುತಿಸುವ ಬಾಗಿಲಿನಲ್ಲಿ) ಮೊದಲಿನಂತೆ ಉತ್ತರ ಕೊಡುತ್ತಿರುತ್ತದೆ. ಹೊಸದು 5433ರಲ್ಲಿ ಬರಿದಾದ ಡೇಟಾಬೇಸನ್ನು ಇಟ್ಟುಕೊಂಡು ಕಾಯುತ್ತಿರುತ್ತದೆ. ಡೆಬಿಯನ್ 13ರ ಭಂಡಾರದಲ್ಲಿ 15 ಇಲ್ಲವಾದ್ದರಿಂದ ಅದಕ್ಕೆ ಅಲ್ಲಿಂದ ಇನ್ನು ಯಾವ ಭದ್ರತಾ ಅಪ್‌ಡೇಟೂ ಬರುವುದಿಲ್ಲ. ಗ್ರಂಥಾಲಯ ನಡೆಯುತ್ತಲೇ ಇರುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ.

ಆ ನೀಲಿ ಪರದೆಯಲ್ಲಿದ್ದದ್ದು ಬಹುಮಟ್ಟಿಗೆ ಇದೇ ವಿಷಯ: 15 ಹಳತಾಗಿದೆ, ನಿಮ್ಮ ಕ್ಲಸ್ಟರನ್ನು (ಒಂದು ಆವೃತ್ತಿಯ ಪೋಸ್ಟ್‌ಗ್ರೆಸ್ ನಡೆಸುವ ಡೇಟಾಬೇಸುಗಳ ಗುಂಪನ್ನು) ‘ಪಿಜಿ_ಅಪ್‌ಗ್ರೇಡ್‌ಕ್ಲಸ್ಟರ್’ ಎಂಬ ಕಮಾಂಡಿನಿಂದ ಹೊಸದಕ್ಕೆ ಸಾಗಿಸಿ, ಅದಕ್ಕೆ ಮೊದಲು ತಾನಾಗಿ ಹುಟ್ಟಿಕೊಂಡ ಖಾಲಿ 17ನ್ನು ತೆಗೆದುಹಾಕಿ. (ಕಮಾಂಡುಗಳನ್ನೂ ಕಡತಗಳ ಹೆಸರನ್ನೂ ಇಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ, ಟೈಪಿಸುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.) ಈಗ ಮಾಡಬೇಕಾದದ್ದನ್ನು ಅನುಕ್ರಮವಾಗಿ ಹೇಳುತ್ತೇನೆ. ಮೊದಲು ‘ಪಿಜಿ_ಡಂಪ್‌ಆಲ್’ ಬಳಸಿ ಇಡೀ ದತ್ತಾಂಶದ ಪ್ರತಿ ತೆಗೆದು ಅದನ್ನು ಬೇರೊಂದು ಡಿಸ್ಕಿನಲ್ಲಿ ಇಡಿ. ಆಮೇಲೆ ‘ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್’ ಎಂದು ಬರೆದರೆ ಯಾವ ಆವೃತ್ತಿ ಯಾವ ಪೋರ್ಟಿನಲ್ಲಿದೆ ಎಂಬುದು ಒಂದೊಂದು ಸಾಲಿನಲ್ಲಿ ಕಾಣುತ್ತದೆ. 17 ಖಾಲಿಯೇ ಇದೆ ಎಂದು ಖಚಿತವಾದ ಮೇಲೆ ‘ಪಿಜಿ_ಡ್ರಾಪ್‌ಕ್ಲಸ್ಟರ್’ ಮೂಲಕ ಅದನ್ನು ತೆಗೆಯಿರಿ. ಇಲ್ಲಿ ಅವಸರ ಸಲ್ಲದು: 17ರ ಜಾಗದಲ್ಲಿ 15 ಎಂದು ಬರೆದರೆ ಹೋಗುವುದು ನಿಮ್ಮ ಪುಸ್ತಕಗಳ ಪಟ್ಟಿ. ಬಳಿಕ 15ರ ‘ಮೇನ್’ ಕ್ಲಸ್ಟರನ್ನು ಅಪ್‌ಗ್ರೇಡ್ ಮಾಡಿದರೆ 5432 ಪೋರ್ಟು ಹೊಸದರ ಪಾಲಿಗೆ ಬರುತ್ತದೆ, ಹಳೆಯದು ನಿಂತುಹೋಗಿ ಪಕ್ಕಕ್ಕೆ ಸರಿಯುತ್ತದೆ. ಆದ್ದರಿಂದ ಹಳೆಯ ವಿದ್ಯಾರ್ಥಿಯ ತಂತ್ರಾಂಶದಲ್ಲಿ ಪೋರ್ಟನ್ನು ತಿದ್ದುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಒಂದೆರಡು ವಾರ ಪುಸ್ತಕ ಕೊಟ್ಟು, ತೆಗೆದುಕೊಂಡು ನೋಡಿ, ಎಲ್ಲ ಸರಿಯಿದೆ ಎನಿಸಿದ ಮೇಲಷ್ಟೇ 15ನ್ನು ಅಳಿಸಿ.

ಇದರ ಜೊತೆಗೆ ಇನ್ನೊಂದು ಎಚ್ಚರಿಕೆಯಿದೆ. ಅದು ಅಪ್‌ಗ್ರೇಡ್ ನಡೆಯುವಾಗ ಬರುವುದಲ್ಲ, ಆಮೇಲೆ ಡೇಟಾಬೇಸಿಗೆ ಪ್ರವೇಶಿಸಿದಾಗ ಬರುತ್ತದೆ. ಅಕ್ಷರಗಳನ್ನು ಯಾವ ಅನುಕ್ರಮದಲ್ಲಿ ಜೋಡಿಸಬೇಕು ಎಂಬ ನಿಯಮವನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಯಿಂದ ಪಡೆಯುತ್ತದೆ. ಡೆಬಿಯನ್ 12ರಲ್ಲಿ ಅದರ ಆವೃತ್ತಿ 2.36, 13ರಲ್ಲಿ 2.41. ಪುಸ್ತಕದ ಹೆಸರುಗಳ ಸೂಚಿಯನ್ನು, ಅಂದರೆ ಇಂಡೆಕ್ಸನ್ನು, ಹಳೆಯ ನಿಯಮದಂತೆ ಕಟ್ಟಿ ಹೊಸ ನಿಯಮದಂತೆ ಹುಡುಕಿದರೆ, ಕಪಾಟಿನಲ್ಲಿರುವ ಪುಸ್ತಕವೇ ‘ಇಲ್ಲ’ ಎಂಬ ಉತ್ತರ ಬರುವ ಸಾಧ್ಯತೆಯಿದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಈ ನಿಯಮಗಳು ದೊಡ್ಡ ಪ್ರಮಾಣದಲ್ಲಿ ಬದಲಾದಾಗ ಅನೇಕರು ಈ ತೊಂದರೆಯನ್ನು ಅನುಭವಿಸಿದ್ದಾರೆ. ಇಂಗ್ಲಿಷ್ ಶೀರ್ಷಿಕೆಗಳಷ್ಟೇ ಇದ್ದರೂ ಇದು ತಪ್ಪಿದ್ದಲ್ಲ; ಕನ್ನಡ, ಇಂಗ್ಲಿಷ್ ಎರಡೂ ಬೆರೆತ ಪಟ್ಟಿಯಲ್ಲಿ ತಪ್ಪನ್ನು ಕಣ್ಣಿನಿಂದ ಕಂಡುಹಿಡಿಯುವುದು ಇನ್ನೂ ಕಷ್ಟ. 15ನೆಯ ಆವೃತ್ತಿಯಿಂದ ಈಚೆಗೆ ಪೋಸ್ಟ್‌ಗ್ರೆಸ್ ತಾನಾಗಿಯೇ ಎಚ್ಚರಿಸುತ್ತದೆ: ಈ ಡೇಟಾಬೇಸ್ ಹುಟ್ಟಿದ್ದು ಇಂಥ ಆವೃತ್ತಿಯ ನಿಯಮದಲ್ಲಿ, ಈಗಿರುವುದು ಇಂಥದ್ದು ಎಂದು. ‘ಪಿಜಿ_ಅಪ್‌ಗ್ರೇಡ್‌ಕ್ಲಸ್ಟರ್’ ತನ್ನ ಸಾಮಾನ್ಯ ವಿಧಾನದಲ್ಲಿ ದತ್ತಾಂಶವನ್ನು ಹೊರಗೆ ಬರೆದು ಮತ್ತೆ ಒಳಗೆ ತುಂಬುವುದರಿಂದ ಇಂಡೆಕ್ಸುಗಳು ಹೊಸದಾಗಿಯೇ ಕಟ್ಟಲ್ಪಡುತ್ತವೆ. ಸಮಯ ಉಳಿಸಲೆಂದು ಕಡತಗಳನ್ನು ಇದ್ದಂತೆಯೇ ನಕಲು ಮಾಡುವ ವಿಧಾನವನ್ನು ಆರಿಸಿದರೆ ಮಾತ್ರ ನೀವೇ ‘ರೀಇಂಡೆಕ್ಸ್’ ಮಾಡಬೇಕಾಗುತ್ತದೆ. ಒಂದು ಕಾಲೇಜಿನ ಪುಸ್ತಕಪಟ್ಟಿಗೆ ಸಾಮಾನ್ಯ ವಿಧಾನವೇ ಧಾರಾಳವಾಗಿ ಸಾಕು.

ಇನ್ನು ಸರಿದುಹೋದ ಸೂಚನೆಗಳ ವಿಚಾರ. ಪರದೆಯಿಂದ ಮರೆಯಾದದ್ದು ಡಿಸ್ಕಿನಿಂದ ಮರೆಯಾಗಿರುವುದಿಲ್ಲ, ಆದರೆ ಎಲ್ಲವೂ ಒಂದೇ ಕಡೆ ಇರುವುದಿಲ್ಲ. ಪ್ಯಾಕೇಜುಗಳನ್ನು ಹಾಕುವ, ಅಪ್‌ಡೇಟ್ ಮಾಡುವ ‘ಆಪ್ಟ್’ ಕಮಾಂಡನ್ನು ನಡೆಸಿದಾಗ ಪರದೆಯ ಮೇಲೆ ಓಡಿದ ಸಾಲುಗಳೆಲ್ಲ ‘ವಾರ್’ ಫೋಲ್ಡರಿನೊಳಗಿನ ‘ಲಾಗ್’, ಅದರೊಳಗಿನ ‘ಆಪ್ಟ್’ ಎಂಬಲ್ಲಿ ‘ಟರ್ಮ್ ಡಾಟ್ ಲಾಗ್’ ಎಂಬ ಕಡತದಲ್ಲಿ ಉಳಿದಿರುತ್ತವೆ. ಯಾವ ದಿನ ಯಾವ ಪ್ಯಾಕೇಜು ಯಾವ ಆವೃತ್ತಿಯಿಂದ ಯಾವುದಕ್ಕೆ ಏರಿತು ಎಂಬುದು ಅದರ ಪಕ್ಕದ ‘ಹಿಸ್ಟರಿ ಡಾಟ್ ಲಾಗ್’ನಲ್ಲಿದೆ. ಇವು ತಿಂಗಳಿಗೊಮ್ಮೆ ಮಡಚಿಕೊಂಡು (ಕಂಪ್ರೆಸ್ ಆಗಿ) ಹನ್ನೆರಡು ತಿಂಗಳು ಉಳಿಯುತ್ತವೆ. ಮಡಚಿದವನ್ನು ಓದಲು ‘ಜೆಡ್‌ಲೆಸ್’ ಬೇಕು. ನಿಮ್ಮ ರಜೆ ಕಳೆದು ವರ್ಷವಾಗಿಲ್ಲವಾದರೆ ಇಂದೇ ಅವುಗಳ ಪ್ರತಿ ತೆಗೆದಿಡಿ.

ನೀಲಿ ಪರದೆಯ ಮಾತು ಬೇರೆ. ಅದು ‘ಡೆಬ್‌ಕಾನ್ಫ್’ ಎಂಬ ವ್ಯವಸ್ಥೆಯ ಮೂಲಕ ಬರುವಂಥದ್ದು. ಒಮ್ಮೆ ‘ಓಕೆ’ ಒತ್ತಿದರೆ ಓದಿಯಾಯಿತು ಎಂದು ಗುರುತು ಹಾಕಿಕೊಳ್ಳುತ್ತದೆ, ಮತ್ತೆ ತೋರಿಸುವುದಿಲ್ಲ. ಅದರ ಪಠ್ಯ ಮಾತ್ರ ‘ವಾರ್, ಲಿಬ್, ಡಿಪಿಕೆಜಿ, ಇನ್ಫೋ’ ಎಂಬ ಸರಣಿಯ ಕೊನೆಯ ಫೋಲ್ಡರಿನಲ್ಲಿ, ಪ್ಯಾಕೇಜಿನ ಹೆಸರಿನ ಕೊನೆಗೆ ‘ಟೆಂಪ್ಲೇಟ್ಸ್’ ಎಂದಿರುವ ಕಡತದಲ್ಲಿ ಹಾಗೆಯೇ ಇರುತ್ತದೆ. ನೀವು ನೋಡಬೇಕಾದದ್ದು ‘ಪೋಸ್ಟ್‌ಗ್ರೆಸ್‌ಕ್ಯುಎಲ್-ಕಾಮನ್’ ಎಂಬುದರದ್ದು.

ಮೂರನೆಯದು ಎಲ್ಲಕ್ಕಿಂತ ಹೆಚ್ಚು ಕಾಡುವಂಥದ್ದು. ಅಪ್‌ಗ್ರೇಡ್ ನಡುವೆ ನಿಂತು, ‘ಈ ಸಂರಚನಾ (ಕಾನ್ಫಿಗರೇಶನ್) ಕಡತವನ್ನು ನೀವು ತಿದ್ದಿದ್ದೀರಿ, ಹೊಸದನ್ನು ಹಾಕಲೇ, ನಿಮ್ಮದನ್ನೇ ಉಳಿಸಲೇ’ ಎಂಬ ಪ್ರಶ್ನೆ ಬರುತ್ತದೆ. ಸುಮ್ಮನೆ ಎಂಟರ್ ಒತ್ತಿದರೆ ನಿಮ್ಮದು ಉಳಿದು, ಹೊಸದು ಅದರ ಪಕ್ಕದಲ್ಲೇ ‘ಡಿಪಿಕೆಜಿ-ಡಿಸ್ಟ್’ ಎಂಬ ಬಾಲ ಅಂಟಿಸಿಕೊಂಡು ಕೂರುತ್ತದೆ. ಹೊಸದನ್ನು ಒಪ್ಪಿದರೆ ನಿಮ್ಮದು ‘ಡಿಪಿಕೆಜಿ-ಓಲ್ಡ್’ ಆಗುತ್ತದೆ. ಕೆಲವು ಪ್ಯಾಕೇಜುಗಳಲ್ಲಿ ಇದೇ ಬಾಲ ‘ಯುಸಿಎಫ್-ಡಿಸ್ಟ್’ ಎಂದಿರುವುದೂ ಉಂಟು. ‘ಇಟಿಸಿ’ ಫೋಲ್ಡರಿನಲ್ಲಿ ಈ ಬಾಲಗಳನ್ನು ‘ಫೈಂಡ್’ ಕಮಾಂಡಿನಿಂದ ಹುಡುಕಿದರೆ, ನೀವು ತೀರ್ಮಾನವನ್ನು ಮುಂದೂಡಿದ ಪ್ರತಿಯೊಂದು ಕಡತವೂ ಎದುರಿಗೆ ಬಂದು ನಿಲ್ಲುತ್ತದೆ. ನಾನೂ ಒಮ್ಮೆ ಹೀಗೆ ಎಂಟರ್ ಒತ್ತುತ್ತಾ ಹೋಗಿ, ಏಳೆಂಟು ತಿಂಗಳ ಮೇಲೆ ಪ್ರಿಂಟರು ಕೈಕೊಟ್ಟಾಗ ಕೇಬಲ್ಲು ಬದಲಿಸಿ, ಪ್ರಿಂಟರನ್ನೇ ಬೈದು, ಎರಡು ದಿನ ಕಳೆದ ಬಳಿಕ ಆ ಬಾಲವನ್ನು ಕಂಡೆ.

ಮುಂದಿನ ಸಲಕ್ಕೆ ‘ಆಪ್ಟ್-ಲಿಸ್ಟ್‌ಚೇಂಜಸ್’ ಎಂಬ ಸಣ್ಣ ಪ್ಯಾಕೇಜನ್ನು ಹಾಕಿಕೊಳ್ಳಿ. ಪ್ಯಾಕೇಜು ನೋಡಿಕೊಳ್ಳುವವರು ಬಳಕೆದಾರರಿಗೆ ತಿಳಿಯಲೇಬೇಕಾದ ಬದಲಾವಣೆಯನ್ನು ‘ನ್ಯೂಸ್ ಡಾಟ್ ಡೆಬಿಯನ್’ ಎಂಬ ಕಡತದಲ್ಲಿ ಬರೆಯುತ್ತಾರೆ. ಈ ಪ್ಯಾಕೇಜು ಅವನ್ನೆಲ್ಲ ಒಟ್ಟುಗೂಡಿಸಿ, ಡೌನ್‌ಲೋಡ್ ಆದ ಮೇಲೆ, ಇನ್‌ಸ್ಟಾಲ್ ಆರಂಭವಾಗುವ ಮುಂಚೆ ನಿಮ್ಮ ಮುಂದಿಡುತ್ತದೆ. ಮುಂದುವರಿಯಬೇಕೇ ಎಂದು ಕೇಳುವಂತೆಯೂ ಅದನ್ನು ಹೊಂದಿಸಬಹುದು. ಕೆಲಸ ಕೆಟ್ಟ ಮೇಲೆ ಓದುವುದಕ್ಕೂ ಮೊದಲೇ ಓದುವುದಕ್ಕೂ ಇರುವ ಅಂತರವನ್ನು ನಾನು ವಿವರಿಸಬೇಕಿಲ್ಲ. ಈ ಪ್ಯಾಕೇಜು ‘ರೂಟ್’ ಎಂಬ ನಿರ್ವಾಹಕ ಖಾತೆಗೆ ಇಮೇಲಿನಲ್ಲೂ ಪ್ರತಿ ಕಳಿಸಬಲ್ಲದು, ಆದರೆ ಹೆಚ್ಚಿನ ಕಂಪ್ಯೂಟರುಗಳಲ್ಲಿ ರೂಟ್‌ನ ಅಂಚೆಪೆಟ್ಟಿಗೆಯನ್ನು ತೆರೆದು ನೋಡುವವರು ಯಾರೂ ಇರುವುದಿಲ್ಲವಾದ್ದರಿಂದ ಆ ವಿಳಾಸವನ್ನು ನಿಮ್ಮದಕ್ಕೆ ಬದಲಿಸಿ. ಹಳೆಯ ನ್ಯೂಸ್ ಕಡತಗಳು ‘ಯುಎಸ್‌ಆರ್, ಶೇರ್, ಡಾಕ್’ ಎಂಬಲ್ಲಿ ಆಯಾ ಪ್ಯಾಕೇಜಿನ ಹೆಸರಿನ ಫೋಲ್ಡರಿನಲ್ಲಿ ಯಾವಾಗಲೂ ಸಿಗುತ್ತವೆ.

ಆವೃತ್ತಿಯನ್ನೇ ಬದಲಿಸುವ ದೊಡ್ಡ ಅಪ್‌ಗ್ರೇಡಿಗೆ ಇಷ್ಟು ಸಾಲದು. ಆಗ ಬಿಡುಗಡೆ ಟಿಪ್ಪಣಿಯನ್ನು ಓದಲೇಬೇಕು. ಅದರಲ್ಲೇ ಒಂದು ಹಳೆಯ ಸಲಹೆಯಿದೆ: ‘ಸ್ಕ್ರಿಪ್ಟ್’ ಎಂಬ ಕಮಾಂಡನ್ನು ಮೊದಲು ಆರಂಭಿಸಿ, ಆಮೇಲೆ ಅಪ್‌ಗ್ರೇಡ್ ಮಾಡಿ. ಪರದೆಯ ಮೇಲೆ ಬಂದದ್ದೆಲ್ಲ ಒಂದು ಕಡತಕ್ಕೆ ಇಳಿಯುತ್ತದೆ, ಬೇಕಾದರೆ ‘ಸ್ಕ್ರಿಪ್ಟ್‌ರೀಪ್ಲೇ’ ಮೂಲಕ ಅದೇ ವೇಗದಲ್ಲಿ ಮತ್ತೆ ನೋಡಬಹುದು. ಆ ಕಡತವನ್ನು ‘ಟೆಂಪ್’ ಫೋಲ್ಡರಿನಲ್ಲಿ ಮಾತ್ರ ಇಡಬೇಡಿ. ಡೆಬಿಯನ್ 13ರಲ್ಲಿ ಅದು ಸಾಮಾನ್ಯವಾಗಿ ಡಿಸ್ಕಿನ ಮೇಲಿರದೆ ಮೆಮೊರಿಯಲ್ಲಿರುತ್ತದೆ. ಕಂಪ್ಯೂಟರನ್ನು ಮರುಚಾಲನೆ ಮಾಡಿದೊಡನೆ ದಾಖಲೆ ಮಾಯವಾಗುತ್ತದೆ.

ಲೆಕ್ಕ ಇಡುವುದಕ್ಕೆ ನಾನು ಬಳಸುವುದು ಒಂದು ರೂಲ್ ಹಾಕಿದ ನೋಟ್‌ಬುಕ್ಕು. ನೀವು ಗ್ರಂಥಪಾಲಕರಾದ್ದರಿಂದ ಹೊಸ ಪುಸ್ತಕಗಳನ್ನು ದಾಖಲಿಸುವ ಪರಿಗ್ರಹಣ ವಹಿಯ ಮಾದರಿಯೇ ಒಪ್ಪುತ್ತದೆ: ದಿನಾಂಕ, ಪ್ಯಾಕೇಜು, ಹಳೆಯ ಮತ್ತು ಹೊಸ ಆವೃತ್ತಿ, ಸೂಚನೆಯ ಸಾರ ಒಂದು ಸಾಲಿನಲ್ಲಿ, ಕೊನೆಯ ಅಂಕಣದಲ್ಲಿ ಕೆಲಸ ಮುಗಿಸಿದ ದಿನ. ಕೊನೆಯ ಅಂಕಣ ಖಾಲಿಯಿರುವ ಸಾಲುಗಳಷ್ಟೇ ಮುಖ್ಯ. ಪ್ರತಿಯೊಂದು ಅಪ್‌ಡೇಟನ್ನೂ ಬರೆಯಲು ಹೊರಟರೆ ಮೂರನೆಯ ವಾರಕ್ಕೆ ಪುಸ್ತಕ ಮೂಲೆ ಸೇರುತ್ತದೆ. ಅದನ್ನು ಹಿಸ್ಟರಿ ಲಾಗ್ ಬೇಸರವಿಲ್ಲದೆ ಮಾಡುತ್ತಿದೆ. ನೀವು ಬರೆಯಬೇಕಾದದ್ದು ಮನುಷ್ಯರು ಮಾಡಬೇಕೆಂದು ಯಂತ್ರ ಬಿಟ್ಟುಕೊಟ್ಟ ಕೆಲಸಗಳನ್ನು ಮಾತ್ರ. ‘ಇಟಿಸಿಕೀಪರ್’ ಎಂಬ ಪ್ಯಾಕೇಜನ್ನೂ ಹಾಕಿಕೊಂಡರೆ, ಸಂರಚನಾ ಕಡತಗಳ ಸ್ಥಿತಿಯನ್ನು ಪ್ರತಿ ಅಪ್‌ಗ್ರೇಡಿನ ಮೊದಲೂ ಆಮೇಲೂ ಬದಲಾವಣೆಗಳ ಇತಿಹಾಸವನ್ನು ಇಡುವ ಗಿಟ್‌ನಲ್ಲಿ ಅದೇ ದಾಖಲಿಸಿಡುತ್ತದೆ.

ಪ್ರಶ್ನೆ: ಧಾರವಾಡದ ನಮ್ಮ ಮನೆಯ ಉಬುಂಟು ಲ್ಯಾಪ್‌ಟಾಪು ತಾನಾಗಿಯೇ ಅಪ್‌ಡೇಟ್ ಮಾಡಿಕೊಳ್ಳುತ್ತದೆ. ನಾನು ನೋಡದಿರುವಾಗ ಬಂದ ಸೂಚನೆಗಳ ಗತಿಯೇನು? ನಾನೂ ಪುಸ್ತಕ ಇಡಬೇಕೇ?

ಉತ್ತರ: ಬೇಡ. ತಾನಾಗಿ ಅಪ್‌ಡೇಟ್ ಮಾಡುವ ‘ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್’ ಎಂಬ ವ್ಯವಸ್ಥೆ ಮುಖ್ಯವಾಗಿ ಭದ್ರತೆಗೆ ಸಂಬಂಧಿಸಿದವನ್ನು ತೆಗೆದುಕೊಳ್ಳುತ್ತದೆ, ಮತ್ತು ನೀವು ತಿದ್ದಿದ ಸಂರಚನಾ ಕಡತದ ಬಗ್ಗೆ ಪ್ರಶ್ನೆ ಕೇಳಬೇಕಾಗುವ ಪ್ಯಾಕೇಜನ್ನು ಮುಟ್ಟದೆ ಬಿಡುತ್ತದೆ. ಆದ್ದರಿಂದ ನಿಮ್ಮ ಚಿಂತೆ ಆಗಿಹೋದವುಗಳ ಬಗ್ಗೆ ಅಷ್ಟಾಗಿ ಬೇಕಿಲ್ಲ, ಹಿಂದೆ ಉಳಿದುಕೊಂಡವುಗಳ ಬಗ್ಗೆ ಇರಲಿ: ತಿಂಗಳಿಗೊಮ್ಮೆ ನೀವೇ ಕುಳಿತು ‘ಆಪ್ಟ್ ಅಪ್‌ಗ್ರೇಡ್’ ನಡೆಸಿದರೆ ಅವು ಬಂದು ಕೇಳುತ್ತವೆ. ನಡೆದದ್ದರ ವಿವರ ‘ವಾರ್, ಲಾಗ್’ ಒಳಗೆ ಆ ವ್ಯವಸ್ಥೆಯದೇ ಹೆಸರಿನ ಫೋಲ್ಡರಿನಲ್ಲಿದೆ.

ಒಂದು ಸೂಚನೆಯನ್ನು ಮಾತ್ರ ಅಲಕ್ಷಿಸಬೇಡಿ, ಅದು ಮರುಚಾಲನೆಯದು. ಲೈಬ್ರರಿಯೊಂದು ಡಿಸ್ಕಿನಲ್ಲಿ ಹೊಸದಾದರೂ, ಆಗಲೇ ಓಡುತ್ತಿರುವ ತಂತ್ರಾಂಶಗಳು ಮೆಮೊರಿಯಲ್ಲಿರುವ ಹಳೆಯ ಪ್ರತಿಯನ್ನೇ ಹಿಡಿದುಕೊಂಡಿರುತ್ತವೆ. ಕರ್ನಲ್ಲಿನ, ಅಂದರೆ ಇಡೀ ವ್ಯವಸ್ಥೆಯ ತಿರುಳಿನ, ವಿಷಯವೂ ಹಾಗೆಯೇ. ಮರುಚಾಲನೆ ಬೇಕಿದ್ದರೆ ‘ವಾರ್, ರನ್’ ಎಂಬಲ್ಲಿ ‘ರೀಬೂಟ್-ರಿಕ್ವೈರ್ಡ್’ ಎಂಬ ಕಡತ ಹುಟ್ಟುತ್ತದೆ, ಯಾವ ಪ್ಯಾಕೇಜು ಕೇಳಿತು ಎಂಬುದು ಅದರ ಪಕ್ಕದ ಇನ್ನೊಂದು ಕಡತದಲ್ಲಿರುತ್ತದೆ. ರಾತ್ರಿ ಮುಚ್ಚಳ ಮುಚ್ಚಿಟ್ಟರೆ ಲ್ಯಾಪ್‌ಟಾಪು ನಿದ್ರಿಸುತ್ತದೆಯೇ ಹೊರತು ಮರುಚಾಲನೆಯಾಗುವುದಿಲ್ಲ ಎಂಬುದು ನೆನಪಿರಲಿ.

ಪ್ರಶ್ನೆ: ನನ್ನಲ್ಲಿ ಡೆಬಿಯನ್ ಇಲ್ಲ. ಕಚೇರಿಯಲ್ಲಿ ಫ್ರೀಬಿಎಸ್‌ಡಿ ಸರ್ವರು, ಮನೆಯಲ್ಲಿ ಪ್ಯಾಕೇಜುಗಳನ್ನು ಹಾಕುವ ಹೋಮ್‌ಬ್ರೂ ಇರುವ ಮ್ಯಾಕ್, ಮಗನ ಬಳಿ ಆರ್ಚ್ ಲಿನಕ್ಸ್. ಇವುಗಳಲ್ಲಿ ಏನು ಮಾಡಬೇಕು?

ಉತ್ತರ: ಹೋಮ್‌ಬ್ರೂನಲ್ಲಿ ಇಂಥ ಸೂಚನೆಗೆ ‘ಕೇವಿಯಟ್ಸ್’ ಎಂದು ಹೆಸರು, ‘ಬ್ರೂ ಇನ್ಫೋ’ ಎಂದು ಬರೆದು ಪ್ಯಾಕೇಜಿನ ಹೆಸರು ಕೊಟ್ಟರೆ ಯಾವಾಗ ಬೇಕಾದರೂ ಮತ್ತೆ ಓದಬಹುದು. ಆರ್ಚ್‌ನಲ್ಲಿ ಪ್ಯಾಕೇಜುಗಳು ಆಡಿದ ಮಾತೆಲ್ಲ ‘ಪ್ಯಾಕ್‌ಮ್ಯಾನ್ ಡಾಟ್ ಲಾಗ್’ನಲ್ಲಿ ಉಳಿಯುತ್ತದೆ, ಬಾಲದ ಹೆಸರು ‘ಪ್ಯಾಕ್‌ನ್ಯೂ’, ಅವನ್ನು ಹೋಲಿಸಿ ತೀರ್ಮಾನಿಸಲು ‘ಪ್ಯಾಕ್‌ಡಿಫ್’ ಇದೆ. ಅಪ್‌ಡೇಟಿಗೆ ಮುಂಚೆ ಆರ್ಚ್ ಮುಖಪುಟದ ಸುದ್ದಿಯನ್ನು ಓದುವ ಅಭ್ಯಾಸವನ್ನು ಮಗನಿಗೆ ಮಾಡಿಸಿ. ಕೈಯಾರೆ ಮಾಡಬೇಕಾದ ಕೆಲಸವಿದ್ದರೆ ಅಲ್ಲಿ ಮೊದಲೇ ಹೇಳಿರುತ್ತಾರೆ.

ಫ್ರೀಬಿಎಸ್‌ಡಿಯಲ್ಲಿ ಇನ್‌ಸ್ಟಾಲ್ ಆದಾಗ ಕಂಡ ಸಂದೇಶವನ್ನು ‘ಪಿಕೆಜಿ ಇನ್ಫೋ’ ಕಮಾಂಡಿಗೆ ದೊಡ್ಡಕ್ಷರದ ‘ಡಿ’ ಆಯ್ಕೆ ಸೇರಿಸಿ ಮತ್ತೆ ಪಡೆಯಬಹುದು. ಅದಕ್ಕಿಂತ ಮುಖ್ಯವಾದದ್ದು ಪೋರ್ಟ್ಸ್ ಎಂಬ ತಂತ್ರಾಂಶಗಳ ಸಂಗ್ರಹದಲ್ಲಿರುವ ‘ಅಪ್‌ಡೇಟಿಂಗ್’ ಎಂಬ ಕಡತ. ಅದರಲ್ಲಿ ಹೊಸ ಸೂಚನೆ ಮೇಲೆ, ಹಳೆಯದು ಕೆಳಗೆ, ಪ್ರತಿಯೊಂದರ ತಲೆಯ ಮೇಲೂ ದಿನಾಂಕ. ‘ಪಿಕೆಜಿ ಅಪ್‌ಡೇಟಿಂಗ್’ ಕಮಾಂಡಿಗೆ ನೀವು ಹಿಂದಿನ ಸಲ ಅಪ್‌ಡೇಟ್ ಮಾಡಿದ ದಿನಾಂಕವನ್ನು ಕೊಟ್ಟರೆ, ಅಂದಿನಿಂದ ಈಚಿನ, ನಿಮ್ಮಲ್ಲಿರುವ ಪ್ಯಾಕೇಜುಗಳಿಗೆ ಸಂಬಂಧಿಸಿದ ಸೂಚನೆಗಳನ್ನಷ್ಟೇ ಆಯ್ದು ತೋರಿಸುತ್ತದೆ. ಆ ದಿನಾಂಕವನ್ನು ಬರೆದಿಟ್ಟುಕೊಳ್ಳುವ ಕೆಲಸ ಮಾತ್ರ ನಿಮ್ಮದು.